ಶವರ್ ಪೈಪ್ ಜೋಡಣೆ: ನಾನು ಎರಡು ಸಲ ಮಾಡಿದ ಕೆಲಸ

ಅಂಕೋಲೆಯ ನಮ್ಮ ಮನೆಯ ಬಚ್ಚಲಲ್ಲಿ ಮೊದಲು ಇದ್ದದ್ದು ಜಿಐ ಪೈಪ್, ಅಂದರೆ ಸತು ಲೇಪಿಸಿದ ಕಬ್ಬಿಣದ್ದು. ಕಡಲ ಗಾಳಿಗೆ ಕಬ್ಬಿಣ ಎಷ್ಟು ದಿನ ಬಾಳೀತು? ಶವರ್‌ನಲ್ಲಿ ಕೆಂಪು ನೀರು ಬರತೊಡಗಿದಾಗ ಎಲ್ಲ ಕಿತ್ತು ಸಿಪಿವಿಸಿ ಎಂಬ ಪ್ಲಾಸ್ಟಿಕ್ ಪೈಪ್ ಹಾಕಿದೆ. ಸೋಲಾರ್ ಬಿಸಿನೀರಿಗೆ ಸಾದಾ ಪಿವಿಸಿ ಮೆತ್ತಗಾಗುತ್ತದೆ. ಸಿಪಿವಿಸಿ 93 ಡಿಗ್ರಿವರೆಗೂ ತಡೆಯುತ್ತದೆ.

ಪೈಪ್ ಕತ್ತರಿಸಿ ಅಂಟಿಸುವುದು ಸುಲಭ. ಕಷ್ಟ ಇರುವುದು ಪೈಪ್ ಮುಗಿದು ಶವರ್ ಶುರುವಾಗುವ ಜಾಗದಲ್ಲಿ. ಮೊದಲ ಸಲ ಅಲ್ಲಿ ಪೂರ್ತಿ ಪ್ಲಾಸ್ಟಿಕ್ ಎಲ್ಬೋ (ಪೈಪನ್ನು ಮೂಲೆ ತಿರುಗಿಸುವ ತುಂಡು) ಹಾಕಿದ್ದೆ. ಅದರೊಳಗೆ ಶವರ್ ತೋಳಿನ ಹಿತ್ತಾಳೆ ಥ್ರೆಡ್ ಕೂರಿಸಿ, ಇನ್ನೂ ಬಿಗಿಯಾಗಲಿ ಅಂತ ಪಾನಾದಿಂದ ಇನ್ನೊಂದು ಸುತ್ತು ತಿರುಗಿಸಿದೆ. ಸದ್ದೇನೂ ಬರಲಿಲ್ಲ. ಹದಿನೈದು ದಿನ ಕಳೆದ ಮೇಲೆ ಆಯಿ ಮಲಗುವ ಕೋಣೆಯಿಂದ ಕರೆದಳು: "ತಮಾ, ಇಲ್ಲಿ ಗೋಡೆ ಹಸಿ ಉಂಟು ನೋಡು." ಚಿರೆಕಲ್ಲು ನೀರು ಕುಡಿಯುತ್ತಲೇ ಇರುತ್ತದೆ, ಹೊರಗೆ ತೋರಿಸುವುದು ತಡವಾಗಿ. ಟೈಲ್ಸ್ ಒಡೆದು ನೋಡಿದರೆ ಎಲ್ಬೋ ಬಾಯಲ್ಲಿ ಕೂದಲೆಳೆಯಷ್ಟು ಬಿರುಕು.

ಎರಡನೇ ಸಲ ಬ್ರಾಸ್ ಎಲ್ಬೋ ತಂದೆ. ಹೊರಗೆ ಪ್ಲಾಸ್ಟಿಕ್, ಥ್ರೆಡ್ ಮಾತ್ರ ಹಿತ್ತಾಳೆ. ಪೈಪ್ ಕಡೆ ಮುಕ್ಕಾಲು ಇಂಚು, ಶವರ್ ಕಡೆ ಅರ್ಧ ಇಂಚು. ಬೆಲೆ ಜಾಸ್ತಿ, ಆದರೆ ಗೋಡೆಯೊಳಗೆ ಹೋಗುವ ಸಾಮಾನಿನಲ್ಲಿ ಉಳಿತಾಯ ನೋಡಬಾರದು ಅಂತ ಈಗ ಗಟ್ಟಿಯಾಗಿ ಹೇಳುತ್ತೇನೆ.

ಆಳದ ಲೆಕ್ಕವೂ ಮುಖ್ಯ. ಎಲ್ಬೋ ಬಾಯಿ ಟೈಲ್ಸ್ ಮೈಗೆ ಸಮ ಬರಬೇಕು. ಗಾರೆ ಮತ್ತು ಟೈಲ್ಸ್ ಸೇರಿ ಎಷ್ಟು ದಪ್ಪವೋ ಅಷ್ಟು ಮುಂದಕ್ಕೆ ಬಿಡಬೇಕು. ಒಳಗೆ ಹೋದರೆ ಉದ್ದ ಹೆಚ್ಚಿಸುವ ಎಕ್ಸ್‌ಟೆನ್ಷನ್ ನಿಪ್ಪಲ್ ಬೇಕು, ಅಂದರೆ ಸೋರಲು ಇನ್ನೊಂದು ಜಾಗ. ಹೊರಗೆ ಬಂದರೆ ಶವರ್‌ನ ತಟ್ಟೆ ಗೋಡೆಗೆ ಕೂರುವುದಿಲ್ಲ. ಕೆಳಗಿನ ವಾಲ್ ಮಿಕ್ಸರ್‌ಗೆ (ಬಿಸಿನೀರು, ತಣ್ಣೀರು ಬೆರೆಸುವ ನಲ್ಲಿ) ಎರಡು ಎಲ್ಬೋ, ನಡುವೆ 150 ಮಿಲಿಮೀಟರ್, ಬಿಸಿನೀರು ಎಡಕ್ಕೆ. ಅಳತೆ ಟೇಪ್ ನಂಬದೆ, ಅಂಟಿಸುವ ಮೊದಲು ಎರಡೂ ಎಲ್ಬೋಗಳನ್ನು ಮಿಕ್ಸರ್‌ಗೇ ತಿರುಪಿ, ಗೋಡೆಗೆ ಹಿಡಿದು, ಗುರುತು ಹಾಕಿದೆ.

ಮಳೆಗಾಲ ಶುರುವಾಗಿತ್ತು. ಒದ್ದೆ ಪೈಪ್‌ಗೆ ಸೊಲ್ಯೂಷನ್ (ಪೈಪ್ ಅಂಟು) ಹಿಡಿಯುವುದಿಲ್ಲ ಅಲ್ವಾ, ಒಣಬಟ್ಟೆಯಲ್ಲಿ ಚೆನ್ನಾಗಿ ಒರೆಸಿದೆ. ಕತ್ತರಿಸಿದ ಅಂಚಿನ ಪುಡಿ ತೆಗೆದು, ಪೈಪ್‌ಗೂ ಫಿಟ್ಟಿಂಗ್ ಒಳಗೂ ಸೊಲ್ಯೂಷನ್ ಸವರಿ, ಒತ್ತಿ, ಕಾಲು ಸುತ್ತು ತಿರುಗಿಸಿ ಅರ್ಧ ನಿಮಿಷ ಹಿಡಿದುಕೊಂಡೆ. ಬೇಗ ಕೈ ಬಿಟ್ಟರೆ ಪೈಪ್ ತಾನೇ ಹಿಂದಕ್ಕೆ ಜಾರುತ್ತದೆ. ಆಮೇಲೆ ಒಂದು ಪೂರ್ತಿ ದಿನ ಮುಟ್ಟಲಿಲ್ಲ.

ಮರುದಿನ ಬಾಯಿಗಳಿಗೆ ಪ್ಲಗ್ ಹಾಕಿ, ಪರಿಚಯದ ಪ್ಲಂಬರ್ ಹತ್ತಿರ ಟೆಸ್ಟಿಂಗ್ ಪಂಪ್ ಕೇಳಿ ತಂದು ಒತ್ತಡ ಕೊಟ್ಟೆ. ಸಂಜೆವರೆಗೂ ಪಂಪಿನ ಒತ್ತಡ ತೋರಿಸುವ ಮುಳ್ಳು ಕದಲಲಿಲ್ಲ. ಅದನ್ನು ನೋಡಿದ ಮೇಲೆಯೇ ಗಾರೆ ಮುಚ್ಚಲು ಬಿಟ್ಟೆ.

ಶವರ್ ತೋಳಿಗೆ ಟೆಫ್ಲಾನ್ ಟೇಪನ್ನು ಥ್ರೆಡ್ ಬಿಗಿಯಾಗುವ ದಿಕ್ಕಿಗೇ ಸುತ್ತಿದೆ. ಮೊದಲು ಕೈಯಲ್ಲಿ ತಿರುಪಿ, ಕೊನೆಗೆ ಪಾನಾದಿಂದ ಒಂದೇ ಸುತ್ತು.

ಗೋಡೆ ಮುಚ್ಚುವ ಮೊದಲು ಅಳತೆ ಟೇಪ್ ಹಿಡಿದು ಮೊಬೈಲ್‌ನಲ್ಲಿ ಫೋಟೋ ತೆಗೆದಿಟ್ಟಿದ್ದೆ. ಮೊನ್ನೆ ಟವೆಲ್ ಸರಳು ಹಾಕಲು ಡ್ರಿಲ್ ಹಿಡಿದಾಗ ಅದನ್ನೇ ತೆರೆದು ನೋಡಿ, ತೂತಿನ ಜಾಗ ನಾಲ್ಕು ಇಂಚು ಬಲಕ್ಕೆ ಸರಿಸಿದೆ.