ಸಾಕ್ಷಿ ಹೇಳೋಕೆ ಕೋರ್ಟಿಂದ ಸಮನ್ಸ್ ಬಂದಿದೆ, ಆಫೀಸಿಗೆ ಏನು ಹೇಳೋದು?

ಅಮೆರಿಕದಲ್ಲಿರುವ ನೆಂಟರು ‘ಜ್ಯೂರಿ ಡ್ಯೂಟಿ ಬಂದಿದೆ’ ಅಂದಾಗ ನಮಗೆ ಸಿನಿಮಾ ಕಥೆ ಕೇಳಿದ ಹಾಗಾಗುತ್ತದೆ. ತಪ್ಪಿತಸ್ಥನೋ ಅಲ್ಲವೋ ಅಂತ ಸಾಮಾನ್ಯ ಜನರೇ ಕೂತು ತೀರ್ಮಾನಿಸುವ ಜ್ಯೂರಿ ನಮ್ಮಲ್ಲಿ ಇಲ್ಲ. 1959ರಲ್ಲಿ, ನೌಕಾಪಡೆ ಅಧಿಕಾರಿಯೊಬ್ಬರ ಮೇಲಿನ ನಾನಾವತಿ ಕೊಲೆ ಕೇಸಿನಲ್ಲಿ ಬಾಂಬೆಯ ಜ್ಯೂರಿ 8-1ರಲ್ಲಿ ‘ತಪ್ಪಿತಸ್ಥನಲ್ಲ’ ಎಂದಿತು, ಹೈಕೋರ್ಟ್ ಅದನ್ನು ಒಪ್ಪಲಿಲ್ಲ, ಆಮೇಲೆ ಬಂದ 1973ರ ದಂಡ ಪ್ರಕ್ರಿಯಾ ಸಂಹಿತೆಯಲ್ಲಿ ಜ್ಯೂರಿಗೆ ಜಾಗವೇ ಸಿಗಲಿಲ್ಲ. ಆದರೆ ಕೆಲಸಕ್ಕೆ ಹೋಗುವ ಬೆಂಗಳೂರಿನವರನ್ನೂ ಕೋರ್ಟ್ ಕರೆಯುತ್ತದೆ, ಸಾಕ್ಷಿಯಾಗಿ. ಯಾವತ್ತೋ ಒಂದು ಅಪಘಾತ ನೋಡಿ ಪೊಲೀಸರಿಗೆ ಹೇಳಿಕೆ ಕೊಟ್ಟಿರುತ್ತೀರಿ, ಇಲ್ಲವೇ ಪಕ್ಕದ ಮನೆ ಕಳ್ಳತನದ ಮಹಜರಿಗೆ ‘ಸುಮ್ನೆ ಒಂದು ಸಹಿ ಸಾರ್’ ಅಂದರು ಅಂತ ಹಾಕಿರುತ್ತೀರಿ. ವರ್ಷಗಳಾದ ಮೇಲೆ, ನೀವು ಎರಡು ಕಂಪನಿ ಬದಲಾಯಿಸಿ ಎಲ್ಲ ಮರೆತಿರುವಾಗ, ಆಫೀಸಿನಲ್ಲಿ ಕೆಲಸ ಮುಗಿಸಿಕೊಡಬೇಕಾದ ವಾರವೇ ಸಮನ್ಸ್ ಬರುತ್ತದೆ.

ಅಮೆರಿಕದ ಫೆಡರಲ್ ಕೋರ್ಟಿನಲ್ಲಿ ಜ್ಯೂರಿಗೆ ಹೋದ ಕಾಯಂ ನೌಕರನನ್ನು ಅದೇ ಕಾರಣಕ್ಕೆ ಕೆಲಸದಿಂದ ತೆಗೆಯುವ ಹಾಗಿಲ್ಲ, ಕಾನೂನೇ ತಡೆಯುತ್ತದೆ. ದಿನಕ್ಕೆ 50 ಡಾಲರ್ ಕೊಡುತ್ತಾರೆ ಕೂಡ. ನಮ್ಮ ಖಾಸಗಿ ನೌಕರರಿಗೆ ‘ಸಾಕ್ಷಿ ರಜೆ’ ಅಂತ ಬೇರೆ ರಜೆ ಇಲ್ಲ. ಹಾಗಾಗಿ ಎರಡೂ ಕಡೆ ಸಂಭಾಳಿಸೋದು ನಿಮ್ಮ ಕೆಲಸವೇ. ನನ್ನ ಪ್ರಕಾರ ಒಂದು ದಿನ ಕೋರ್ಟಿಗೆ ಹೋಗೋದು ಕಷ್ಟವಲ್ಲ. ಹೋದ ದಿನ ಕೆಲಸ ಆಗದೆ ಇನ್ನೊಂದು ವಾಯಿದೆ ಬೀಳೋದೇ ಕಷ್ಟ. ಮುಂದೆ ಬರೆದಿರೋದೆಲ್ಲ ಹೆಚ್ಚುಕಡಿಮೆ ಅದನ್ನು ತಪ್ಪಿಸಿಕೊಳ್ಳೋಕೆ.

ಮೊದಲು ಕಾಗದ ಸರಿಯಾಗಿ ಓದಿ

ಸಮನ್ಸ್ ನಿಜವಾ ಅಂತ ನೋಡಿಕೊಳ್ಳಿ. ದಂಡ ಪ್ರಕ್ರಿಯಾ ಸಂಹಿತೆಯ ಜಾಗಕ್ಕೆ ಬಂದು 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ ಸಮನ್ಸನ್ನು ಎಲೆಕ್ಟ್ರಾನಿಕ್ ರೂಪದಲ್ಲೂ ಕಳಿಸಬಹುದು, ಆದ್ದರಿಂದ ಮೊಬೈಲಿಗೆ ಬಂತು ಅನ್ನೋ ಒಂದೇ ಕಾರಣಕ್ಕೆ ಅದು ಸುಳ್ಳಲ್ಲ. ಹಾಗೆ ಬಂದದ್ದರಲ್ಲಿ ಕೋರ್ಟಿನ ಮೊಹರಿನ ಚಿತ್ರವೋ ಡಿಜಿಟಲ್ ಸಹಿಯೋ ಇರಬೇಕು. ಕೇಸ್ ನಂಬರ್ ಹಿಡಿದು ಇ-ಕೋರ್ಟ್ಸ್ ಆ್ಯಪ್‌ನಲ್ಲಿ ಹುಡುಕಿ. ಕೇಸು ಸಿಕ್ಕಿದರೆ 16 ಅಕ್ಷರ-ಅಂಕಿಗಳ ಸಿಎನ್‌ಆರ್ ನಂಬರ್, ಅಂದರೆ ಆ ಒಂದು ಕೇಸಿಗೇ ಕೊಟ್ಟ ಗುರುತಿನ ನಂಬರ್, ಕಾಣುತ್ತದೆ, ಅದನ್ನು ಉಳಿಸಿಟ್ಟುಕೊಳ್ಳಿ, ಮುಂದಿನ ತಾರೀಕೆಲ್ಲ ಅಲ್ಲೇ ಗೊತ್ತಾಗುತ್ತದೆ. ವಿಡಿಯೋ ಕಾಲ್‌ನಲ್ಲಿ ಯೂನಿಫಾರ್ಮ್ ಹಾಕಿಕೊಂಡು ಕೂತು ‘ನಿಮ್ಮ ಮೇಲೆ ಸಮನ್ಸ್ ಇದೆ, ದುಡ್ಡು ಹಾಕಿ’ ಅನ್ನುವವನು ಕಳ್ಳ, ಫೋನ್ ಇಟ್ಟುಬಿಡಿ.

ಆಮೇಲೆ ಯಾವ ಕೋರ್ಟು, ಎಲ್ಲಿ ಅಂತ ನೋಡಿ. ಬೆಂಗಳೂರಿನಲ್ಲಿ ‘ಕೋರ್ಟ್’ ಅಂದರೆ ಒಂದೇ ಜಾಗ ಅಲ್ಲ. ಕೆ.ಜಿ. ರಸ್ತೆಯ ಸಿಟಿ ಸಿವಿಲ್ ಕೋರ್ಟ್ ಬೇರೆ, ನೃಪತುಂಗ ರಸ್ತೆಯ ಮ್ಯಾಜಿಸ್ಟ್ರೇಟ್ ಕೋರ್ಟುಗಳು ಬೇರೆ, ಮೇಯೋ ಹಾಲ್ ಬೇರೆ. ಸಿಟಿ ಸಿವಿಲ್ ಅನ್ನೋ ಹೆಸರು ನೋಡಿ ಆಸ್ತಿ ಜಗಳ ಮಾತ್ರ ಅಂದುಕೊಳ್ಳಬೇಡಿ, ಕೊಲೆಯಂಥ ಗಂಭೀರ ಅಪರಾಧಗಳ ಸೆಷನ್ಸ್ ಕೇಸುಗಳೂ ಅಲ್ಲೇ ನಡೆಯುತ್ತವೆ. ಕಾಗದದಲ್ಲಿ ‘ಸಿಸಿಎಚ್’ ಅಂತ ಒಂದು ನಂಬರ್ ಇದ್ದರೆ ಅದು ಆ ಕೋರ್ಟ್ ಹಾಲ್‌ನ ನಂಬರು. ಅಂಥ ಕೆಲವು ಹಾಲ್‌ಗಳು ಮೇಯೋ ಹಾಲ್‌ನಲ್ಲೂ ಇವೆ, ವಿಳಾಸ ಖಚಿತ ಮಾಡಿಕೊಂಡೇ ಮನೆ ಬಿಡಿ.

ಇನ್ನೊಂದು ಮುಖ್ಯ ವಿಷಯ, ಬಹಳ ಜನ ಗಮನಿಸೋದೇ ಇಲ್ಲ. ನಿಮ್ಮನ್ನು ಕರೆದಿರೋದು ಸಾಕ್ಷಿ ಹೇಳೋಕಾ, ಬರೀ ದಾಖಲೆ ತಂದುಕೊಡೋಕಾ? ಬ್ಯಾಂಕು, ಆಸ್ಪತ್ರೆ, ಕಂಪನಿಗಳ ಅಕೌಂಟ್ಸ್ ವಿಭಾಗದವರಿಗೆ ಎರಡನೆಯದು ಜಾಸ್ತಿ ಬರುತ್ತದೆ. ದಾಖಲೆ ಹಾಜರುಪಡಿಸಲು ಮಾತ್ರ ಕರೆದಿದ್ದರೆ, ಅದನ್ನು ಬೇರೆಯವರ ಕೈಲಿ ಕಳಿಸಿ ಹಾಜರುಪಡಿಸಿದರೂ ಸಾಕು. ಸಿವಿಲ್ ಕೇಸಿಗೂ ಕ್ರಿಮಿನಲ್ ಕೇಸಿಗೂ ಇದೇ ನಿಯಮ. ಇಷ್ಟು ಗೊತ್ತಿದ್ದರೆ ನಿಮ್ಮ ಒಂದಿಡೀ ದಿನ ಉಳಿಯಬಹುದು.

ಹೋಗದಿದ್ದರೆ ಏನಾಗುತ್ತೆ ಅನ್ನೋರಿಗೆ: ಸರಿಯಾದ ಕಾರಣ ಇಲ್ಲದೆ ತಪ್ಪಿಸಿದರೆ ವಾರಂಟ್ ಬರುತ್ತದೆ. ಕೋರ್ಟಿಗೆ ಬಾ ಅಂದಾಗ ಬೇಕಂತಲೇ ಬಾರದಿದ್ದರೆ ಭಾರತೀಯ ನ್ಯಾಯ ಸಂಹಿತೆಯ 208ನೇ ಸೆಕ್ಷನ್ ಪ್ರಕಾರ 6 ತಿಂಗಳವರೆಗೆ ಸಾದಾ ಸಜೆ ಇಲ್ಲವೇ 10,000 ರೂಪಾಯಿವರೆಗೆ ದಂಡ, ಅಥವಾ ಎರಡೂ ಆಗಬಹುದು. ಜೈಲಿಗೆ ಹೋಗದಿದ್ದರೂ ಪೊಲೀಸರು ವಾರಂಟ್ ಹಿಡಿದುಕೊಂಡು ಆಫೀಸಿನ ರಿಸೆಪ್ಷನ್‌ಗೆ ಬಂದರೆ ಏನು ಚೆನ್ನಾಗಿರುತ್ತೆ ಹೇಳಿ.

ಆಫೀಸಿಗೆ ಹೇಳೋದು

ಬಾಯಲ್ಲಿ ಹೇಳಬೇಡಿ. ಅಂದರೆ ಬಾಯಲ್ಲಿ ಮಾತ್ರ ಹೇಳಬೇಡಿ. ಸಮನ್ಸ್ ಕೈಗೆ ಬಂದ ದಿನವೇ ಮ್ಯಾನೇಜರ್‌ಗೂ ಎಚ್‌ಆರ್‌ಗೂ ಒಟ್ಟಿಗೆ ಮೇಲ್ ಹಾಕಿ, ಸಮನ್ಸಿನ ಪ್ರತಿ ಲಗತ್ತಿಸಿ. ಕೇಸಿನ ಕಥೆ ಬರೆಯುವ ಅಗತ್ಯ ಇಲ್ಲ, ಆರೋಪಿ ಯಾರು, ಏನು ನಡೆಯಿತು ಅನ್ನೋದು ನಿಮ್ಮ ಟೀಮಿಗೆ ಬೇಡದ ವಿಷಯ. ಹೀಗೆ ಬರೆದರೆ ಸಾಕು:

‘ಇಂಥ ಕೋರ್ಟಿನಿಂದ ಇಂಥ ದಿನ ಸಾಕ್ಷಿಯಾಗಿ ಹಾಜರಾಗಲು ನನಗೆ ಸಮನ್ಸ್ ಬಂದಿದೆ, ಪ್ರತಿ ಲಗತ್ತಿಸಿದ್ದೇನೆ. ಅಂದು ಪೂರ್ತಿ ದಿನ ಸಿಗುವುದಿಲ್ಲ. ಸಾಕ್ಷಿ ಅಂದೇ ಮುಗಿಯದಿದ್ದರೆ ಇನ್ನೊಂದು ದಿನ ಹೋಗಬೇಕಾಗಬಹುದು, ತಾರೀಕು ಗೊತ್ತಾದ ಕೂಡಲೇ ತಿಳಿಸುತ್ತೇನೆ. ನನ್ನ ಕೆಲಸ ಅಂದು ಇಂಥವರು ನೋಡಿಕೊಳ್ಳುತ್ತಾರೆ. ಕೋರ್ಟ್ ಹಾಜರಿಗೆ ಕಂಪನಿಯಲ್ಲಿ ಬೇರೆ ರಜೆ ಇದೆಯೇ ತಿಳಿಸಿ.’

‘ಇನ್ನೊಂದು ದಿನ ಹೋಗಬೇಕಾಗಬಹುದು’ ಅನ್ನೋ ಮಾತು ಮೊದಲ ಮೇಲ್‌ನಲ್ಲೇ ಇರಲಿ. ಆಮೇಲೆ ಎರಡನೇ ಸಲ ರಜೆ ಕೇಳಿದಾಗ ‘ಮತ್ತೆ ಕೋರ್ಟಾ?’ ಅಂತ ಮುಖ ನೋಡುವವರು ಕಡಿಮೆ ಆಗುತ್ತಾರೆ. ಕೊನೆಯ ಸಾಲನ್ನೂ ಬಿಡಬೇಡಿ, ಕೆಲವು ದೊಡ್ಡ ಕಂಪನಿಗಳ ಪಾಲಿಸಿಯಲ್ಲಿ ಇಂಥದ್ದಕ್ಕೆ ರಜೆ ಇರುತ್ತದೆ, ಕೇಳದೆ ಯಾರೂ ಕೊಡೋದಿಲ್ಲ. ಇಲ್ಲವೆಂದರೆ ನಿಮ್ಮ ಗಳಿಕೆ ರಜೆಯನ್ನೇ ಬಳಸಬೇಕು. ಕರ್ನಾಟಕದ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ ಪ್ರಕಾರ 20 ದಿನ ಕೆಲಸಕ್ಕೆ 1 ದಿನ ಸಂಬಳಸಹಿತ ರಜೆ ಸೇರುತ್ತಾ ಹೋಗುತ್ತದೆ. ‘ಹುಷಾರಿಲ್ಲ’ ಅಂತ ಸಿಕ್ ಲೀವ್ ಹಾಕುವ ಐಡಿಯಾ ಬೇಡ. ಆ ದಿನ ನೀವು ಕೋರ್ಟಿನಲ್ಲಿ ಇದ್ದಿರಿ ಅನ್ನೋದಕ್ಕೆ ಕೋರ್ಟಿನದೇ ದಾಖಲೆ ಇರುತ್ತದಲ್ಲ! ಸರ್ಕಾರಿ ನೌಕರರ ಕಥೆ ಬೇರೆ, ಸ್ವಂತ ಹಿತಾಸಕ್ತಿ ಇಲ್ಲದ ಕೇಸಿನಲ್ಲಿ ಸಾಕ್ಷಿಗೆ ಹೋದರೆ ವಿಶೇಷ ಸಾಂದರ್ಭಿಕ ರಜೆ ಕೇಳಬಹುದು.

ಮ್ಯಾನೇಜರ್ ‘ಆ ದಿನ ರಿಲೀಸ್ ಇದೆ, ಕೋರ್ಟಿಗೆ ಹೇಳಿ ಡೇಟ್ ಚೇಂಜ್ ಮಾಡಿಸಿ’ ಅಂದರೆ ಜಗಳ ಮಾಡಬೇಡಿ. ‘ತಾರೀಕು ಕೊಟ್ಟಿರೋದು ಕೋರ್ಟು, ಸಮನ್ಸಿನ ಪ್ರತಿ ನಿಮ್ಮ ಹತ್ತಿರ ಇದೆ’ ಅಂತ ಮೇಲ್‌ನಲ್ಲೇ ಮರ್ಯಾದೆಯಿಂದ ಉತ್ತರ ಕೊಡಿ. ಸಾಮಾನ್ಯವಾಗಿ ಅಷ್ಟಕ್ಕೇ ಮುಗಿಯುತ್ತದೆ.

ಹಿಂದಿನ ದಿನದ ಫೋನು

ಇಡೀ ದಿನ ಉಳಿಸೋದೋ ಹಾಳು ಮಾಡೋದೋ ಇದೇ. ಕ್ರಿಮಿನಲ್ ಕೇಸಾದರೆ ಸಮನ್ಸ್ ತಂದುಕೊಟ್ಟ ಪೊಲೀಸರ ನಂಬರ್ ತೆಗೆದುಕೊಂಡಿರಿ. ಹಿಂದಿನ ದಿನ ಸಂಜೆ ಫೋನ್ ಮಾಡಿ, ಜಡ್ಜ್ ರಜೆ ಇಲ್ಲ ತಾನೇ, ನನ್ನ ಸಾಕ್ಷಿ ನಾಳೆ ನಡೆಯುತ್ತಾ ಅಂತ ಕೇಳಿ. ಸಿವಿಲ್ ಕೇಸಾದರೆ ನಿಮ್ಮನ್ನು ಸಾಕ್ಷಿಯಾಗಿ ಕರೆಸಿದ ಪಕ್ಷದ ವಕೀಲರಿಗೆ ಫೋನ್ ಮಾಡಿ. ಇ-ಕೋರ್ಟ್ಸ್‌ನಲ್ಲಿ ಕಾಸ್ ಲಿಸ್ಟ್, ಅಂದರೆ ಆ ದಿನದ ಕೇಸುಗಳ ಪಟ್ಟಿ, ಸಹ ನೋಡಿಕೊಳ್ಳಿ. ಆದರೆ ಫೋನಿನಲ್ಲಿ ಯಾರೋ ‘ನಾಳೆ ಬರೋದು ಬೇಡ ಬಿಡಿ’ ಅಂದಿದ್ದಕ್ಕೆ ಮನೆಯಲ್ಲಿ ಕೂರಬೇಡಿ, ಕೋರ್ಟಿನ ದಾಖಲೆಯಲ್ಲಿ ನೀವು ಗೈರುಹಾಜರಿ ಅಂತಲೇ ಬರುತ್ತದೆ.

ನಿಜವಾಗಲೂ ಹೋಗೋಕಾಗದಿದ್ದರೆ, ಆಪರೇಷನ್ ಇದೆ, ಟಿಕೆಟ್ ಆಗಲೇ ಬುಕ್ ಆಗಿದೆ ಅನ್ನುವಂಥದ್ದು, ತಾರೀಕಿಗೆ ಮುಂಚೆಯೇ ಬರವಣಿಗೆಯಲ್ಲಿ ಕೊಡಿ. ಕ್ರಿಮಿನಲ್ ಕೇಸಿನಲ್ಲಿ ಸರ್ಕಾರಿ ವಕೀಲರ ಮೂಲಕ, ಆಸ್ಪತ್ರೆಯ ಪತ್ರವೋ ಟಿಕೆಟ್ಟೋ ಜೊತೆಗಿಟ್ಟು. ಕಂಪನಿ ಕೆಲಸದ ಮೇಲೆ ಹೊರದೇಶದಲ್ಲಿದ್ದರೆ ವಿಡಿಯೋ ಕಾನ್ಫರೆನ್ಸ್ ಮೂಲಕ ಸಾಕ್ಷಿ ಹೇಳಲು ಅನುಮತಿ ಕೇಳಬಹುದು. ಸುಪ್ರೀಂ ಕೋರ್ಟ್ 2003ರಲ್ಲೇ, ಪ್ರಫುಲ್ ದೇಸಾಯಿ ಪ್ರಕರಣದಲ್ಲಿ ಇದನ್ನು ಒಪ್ಪಿದೆ. ಹಾಗಂತ ಹೋಟೆಲ್ ರೂಮಿನಿಂದ ಲಿಂಕ್ ಒತ್ತಿ ಮಾತಾಡೋದಲ್ಲ, ಕೋರ್ಟ್ ಹೇಳಿದ ಜಾಗದಿಂದ, ಹೇಳಿದ ಕ್ರಮದಲ್ಲೇ ಆಗಬೇಕು.

ಹೋದ ದಿನ

ಕಾರು ಬೇಡ. ಕೆ.ಜಿ. ರಸ್ತೆಯಲ್ಲಿ ಪಾರ್ಕಿಂಗ್ ಹುಡುಕುವಷ್ಟರಲ್ಲಿ ನಿಮ್ಮ ಹೆಸರು ಕೂಗಿ ಹೋಗಿರುತ್ತದೆ. ವೈಟ್‌ಫೀಲ್ಡ್ ಕಡೆಯವರಿಗೆ ನೇರಳೆ ಮಾರ್ಗದ ಮೆಟ್ರೋ ನೇರ ಇದೆ, ಸಿಟಿ ಸಿವಿಲ್ ಕೋರ್ಟಿಗಾದರೆ ಸೆಂಟ್ರಲ್ ಕಾಲೇಜಿನ ಸರ್ ಎಂ. ವಿಶ್ವೇಶ್ವರಯ್ಯ ನಿಲ್ದಾಣದಲ್ಲಿ ಇಳಿಯಿರಿ, ಮೇಯೋ ಹಾಲ್‌ಗಾದರೆ ಎಂ.ಜಿ. ರಸ್ತೆಯಲ್ಲಿ. ಎಲೆಕ್ಟ್ರಾನಿಕ್ ಸಿಟಿಯವರು ಹಳದಿ ಮಾರ್ಗದಲ್ಲಿ ಆರ್.ವಿ. ರಸ್ತೆಗೆ ಬಂದು, ಹಸಿರು ಹಿಡಿದು ಮೆಜೆಸ್ಟಿಕ್‌ನಲ್ಲಿ ನೇರಳೆಗೆ ಬದಲಾಯಿಸಬೇಕು.

ಕೋರ್ಟ್ ಕೂರೋದು 11 ಗಂಟೆಗೆ, ನೀವು ಹತ್ತೂವರೆಗೇ ಇರಿ. ಹೋದವರೇ ಬೆಂಚಿನ ಮೇಲೆ ಸುಮ್ಮನೆ ಕೂತುಬಿಟ್ಟರೆ ಯಾರಿಗೂ ನೀವು ಬಂದಿರೋದು ಗೊತ್ತಾಗೋದಿಲ್ಲ. ಸರ್ಕಾರಿ ವಕೀಲರನ್ನೂ ಬೆಂಚ್ ಕ್ಲರ್ಕನ್ನೂ ಕಂಡು ‘ಇಂಥ ಕೇಸಿನ ಸಾಕ್ಷಿ, ಬಂದಿದ್ದೇನೆ’ ಅಂತ ಹೇಳಿ. ನಿಮ್ಮ ಹಳೆಯ ಹೇಳಿಕೆಯನ್ನು ಒಮ್ಮೆ ನೋಡಬಹುದಾ ಅಂತ ವಕೀಲರನ್ನು ಕೇಳಿ. ಬೆಳಗ್ಗೆ ಎಲ್ಲ ಕೇಸುಗಳನ್ನೂ ಒಂದು ಸುತ್ತು ಕೂಗುತ್ತಾರೆ, ಸಾಕ್ಷಿ ವಿಚಾರಣೆ ಆಮೇಲೆ, ಕೆಲವೊಮ್ಮೆ ಊಟ ಆದಮೇಲೆ. ಆದ್ದರಿಂದ ‘ಹನ್ನೆರಡಕ್ಕೆ ಮೀಟಿಂಗ್‌ಗೆ ಸೇರ್ತೀನಿ’ ಅಂತ ಯಾರಿಗೂ ಮಾತು ಕೊಡಬೇಡಿ. ಲ್ಯಾಪ್‌ಟಾಪ್ ಬೇಕಿದ್ದರೆ ತನ್ನಿ, ಕಾರಿಡಾರಿನಲ್ಲಿ ಕೂರಲು ಜಾಗ ಸಿಕ್ಕರೆ ಅದೃಷ್ಟ, ಆದರೆ ಕೋರ್ಟ್ ಹಾಲ್ ಒಳಗೆ ತೆರೆಯಬೇಡಿ. ಫೋನ್ ಸೈಲೆಂಟ್.

ಮಧ್ಯಾಹ್ನ ಆರೋಪಿ ಪರ ವಕೀಲರು ‘ಸೀನಿಯರ್ ಬಂದಿಲ್ಲ, ಟೈಮ್ ಬೇಕು’ ಅಂತ ಕೇಳಬಹುದು. ಸಾಕ್ಷಿಗಳಿಗೆ ಸಿಟ್ಟು ಬರೋದು ಇಲ್ಲೇ. ಸಾಕ್ಷಿ ಹಾಜರಿದ್ದಾಗ ವಿಚಾರಣೆ ಮಾಡದೆ ಮುಂದೂಡಬಾರದು, ಮುಂದೂಡಿದರೆ ವಿಶೇಷ ಕಾರಣ ಬರೆಯಬೇಕು ಅಂತ ನಾಗರಿಕ ಸುರಕ್ಷಾ ಸಂಹಿತೆಯ 346ನೇ ಸೆಕ್ಷನ್ ಹೇಳುತ್ತದೆ. ಇದನ್ನು ನೀವೇ ವಾದ ಮಾಡೋಕೆ ಹೋಗಬೇಡಿ. ಸರ್ಕಾರಿ ವಕೀಲರಿಗೆ ಮೊದಲೇ ‘ಸಾರ್, ಕೆಲಸ ಬಿಟ್ಟು ಬಂದಿದ್ದೇನೆ, ಇವತ್ತೇ ಮುಗಿಸಿಕೊಡಿ’ ಅಂತ ಹೇಳಿಟ್ಟಿರಿ. ಜಡ್ಜ್ ಕೇಳಿದರೆ ಅದೇ ಮಾತನ್ನು ವಿನಯವಾಗಿ ಹೇಳಿ, ಎಷ್ಟೋ ಸಲ ಕೇಳಿಸಿಕೊಳ್ಳುತ್ತಾರೆ. ಆದರೂ ಮುಂದಕ್ಕೆ ಹೋದರೆ ಹೊಸ ತಾರೀಕು ಬರೆಯುವ ಮುಂಚೆಯೇ ನಿಮಗೆ ಆಗದ ದಿನ ಯಾವುದು ಅಂತ ತಿಳಿಸಿ.

ಹೊರಡುವ ಮುಂಚೆ ಮೂರು ಕೆಲಸ. ಪಾಟೀ ಸವಾಲು ಮುಗಿಯಿತಾ, ನಾನು ಮತ್ತೆ ಬರಬೇಕಾ ಅಂತ ಸ್ಪಷ್ಟವಾಗಿ ಕೇಳಿಕೊಳ್ಳಿ. ಸಿವಿಲ್ ಕೇಸಿನಲ್ಲಿ ಕೋರ್ಟ್ ಬೇರೆ ಹೇಳದಿದ್ದರೆ ಸಾಕ್ಷಿ ಪ್ರತಿ ವಾಯಿದೆಗೂ ಬರಬೇಕು ಅಂತ ನಿಯಮ ಇರುವುದರಿಂದ ಈ ಪ್ರಶ್ನೆ ಸುಮ್ಮನೆ ಅಲ್ಲ. ಎರಡನೆಯದು, ಆಫೀಸಿಗೆ ತೋರಿಸಲು ಹಾಜರಾತಿ ಪತ್ರ ಕೇಳಿ. ಮೂರನೆಯದು ಭತ್ಯೆ. ಸಿವಿಲ್ ಕೇಸಿನಲ್ಲಿ ನಿಮ್ಮನ್ನು ಕರೆಸಿದ ಪಕ್ಷದವರು ಪ್ರಯಾಣದ ಖರ್ಚು ಮೊದಲೇ ಕೋರ್ಟಿಗೆ ಕಟ್ಟಬೇಕು, ಕ್ರಿಮಿನಲ್‌ನಲ್ಲಿ ಸರ್ಕಾರದಿಂದ ಕೊಡಿಸುವಂತೆ ಕೋರ್ಟ್ ಆದೇಶ ಮಾಡಬಹುದು. ದೊಡ್ಡ ಮೊತ್ತವೇನಲ್ಲ. ಆದರೆ ಆಟೋ ಓಡಿಸುವವರಿಗೆ, ಡೆಲಿವರಿ ಮಾಡುವವರಿಗೆ, ದಿನಗೂಲಿಯವರಿಗೆ ಹೋದ ದಿನದ ಸಂಪಾದನೆಯೇ ಹೋಗಿರುತ್ತದೆ, ನಾಚಿಕೆ ಪಡದೆ ಕೇಳಿ.

ಸಾಕ್ಷಿ ಇನ್ನೂ ಬಾಕಿ ಇದ್ದು ಮನೆಯೋ ಮೊಬೈಲ್ ನಂಬರೋ ಬದಲಾದರೆ ಠಾಣೆಗೆ ಬರೆದು ಕೊಟ್ಟು ಸ್ವೀಕೃತಿ ತೆಗೆದುಕೊಳ್ಳಿ, ಹಳೆ ವಿಳಾಸಕ್ಕೆ ಹೋದ ಸಮನ್ಸ್ ನಿಮಗೆ ಗೊತ್ತೇ ಆಗೋದಿಲ್ಲ. ಕೆಲಸ ಬದಲಾಯಿಸುತ್ತಿದ್ದರೆ ಹೊಸ ಕಂಪನಿಗೆ ಸೇರುವಾಗಲೇ ‘ಒಂದು ಕೇಸಿನಲ್ಲಿ ಸಾಕ್ಷಿ ಇದ್ದೇನೆ, ಕರೆ ಬಂದರೆ ಹೋಗಬೇಕು’ ಅಂತ ಎಚ್‌ಆರ್‌ಗೆ ಒಂದು ಸಾಲು ಹಾಕಿಡಿ.