900 ಮೀಟರ್ ದೂರದ ಹಳ್ಳದಿಂದ ಮನೆಗೆ ಕರೆಂಟು: 600 ವೋಲ್ಟಿನ ನನ್ನ ಅನುಭವ

ಹಳ್ಳದ ಟರ್ಬೈನಿನಿಂದ 300 ಮೀಟರ್ ಆಚೆಗೆ ಮೂರು ಕಿಲೋವ್ಯಾಟ್ ತರುವ ಆಸೆ ಬಿಡಿ ಎಂದು ನನಗೆ ಹೇಳದವರಿಲ್ಲ. ಟರ್ಬೈನು ಕೂರಿಸಿಕೊಟ್ಟವರು ಹೇಳಿದರು, ಕೇಬಲ್ ಮಾರಿದವರು ಹೇಳಿದರು, ನನಗಿಂತ ಮೊದಲೇ ಹಳ್ಳದ ಕರೆಂಟು ಮಾಡಿಕೊಂಡಿದ್ದ ನಮ್ಮ ಭಾವನವರೂ ಹೇಳಿದರು. ಈಗ ಕೆಲವು ಮಳೆಗಾಲಗಳಿಂದ 900 ಮೀಟರ್ ದೂರದ ಹಳ್ಳದಿಂದ ನಮ್ಮ ಮನೆಗೆ ಎರಡೂಮುಕ್ಕಾಲು ಕಿಲೋವ್ಯಾಟ್ ಬರುತ್ತಿದೆ. ಅದೂ 10 ಚದರ ಮಿಲಿಮೀಟರಿನ ಅಲ್ಯೂಮಿನಿಯಂ ಕೇಬಲ್ಲಿನಲ್ಲಿ. ಭಾವನವರೇ ಕಳೆದ ವರ್ಷ ಬಂದು ಮೀಟರ್ ಹಿಡಿದು ನೋಡಿ, ತಮ್ಮ ತೋಟದ ಮೇಲಿನ ಹಳ್ಳಕ್ಕೂ ಹೀಗೇ ಮಾಡಿಸಿಕೊಡು ಎಂದರು.

ಜಾಗದ ವಿವರ ಚುಟುಕಾಗಿ ಹೇಳುತ್ತೇನೆ. ಹೊಸನಗರ ತಾಲ್ಲೂಕು, ಶರಾವತಿ ಕಣಿವೆ. 1964ರಲ್ಲಿ ಲಿಂಗನಮಕ್ಕಿ ಕಟ್ಟಿದಾಗ ಊರು ಮುಳುಗಿಸಿಕೊಂಡು ಎದ್ದುಬಂದವರ ಮಕ್ಕಳು ನಾವು. ಸಾಗರದ ಕಡೆ ಹೊರಟರೆ ಶರಾವತಿಯ 220 ಕಿಲೋವೋಲ್ಟ್ ಲೈನಿನ ಗೋಪುರಗಳು ಕಾಣುತ್ತವೆ. ನಮ್ಮ ಮನೆಗೆ ಬರುವುದು ಮಾತ್ರ ಕಾಡಿನ ನಡುವೆ ಹಾದ 11 ಕಿಲೋವೋಲ್ಟಿನ ಒಂಟಿ ಲೈನು. ಆರಿದ್ರಾ ಮಳೆಯಲ್ಲಿ ಮರ ಬಿದ್ದರೆ ಪುನರ್ವಸು ಮುಗಿಯುವ ಹೊತ್ತಿಗೆ ಕರೆಂಟು ಬಂದರೂ ಪುಣ್ಯ. ಹಳ್ಳದಲ್ಲಿ ಸುಮಾರು 20 ಮೀಟರ್ ಇಳಿತ, ಆರಿಂಚಿನ ಪೈಪು, ಮಳೆಗಾಲದಲ್ಲಿ ಸೆಕೆಂಡಿಗೆ ಇಪ್ಪತ್ತೆಂಟು ಮೂವತ್ತು ಲೀಟರ್ ನೀರು, ಕ್ರಾಸ್‌ಫ್ಲೋ ಟರ್ಬೈನು, ಬೆಲ್ಟಿನ ಮೇಲೆ ನಿಮಿಷಕ್ಕೆ 1500 ಸುತ್ತಿನ ಸಿಂಗಲ್ ಫೇಸ್ ಆಲ್ಟರ್ನೇಟರು, ಅಂದರೆ ಕರೆಂಟು ಹುಟ್ಟಿಸುವ ಯಂತ್ರ. ಇದರಲ್ಲಿ ಹೊಸತೇನೂ ಇಲ್ಲ. ತೊಂದರೆ ಶುರುವಾಗುವುದು ಆಲ್ಟರ್ನೇಟರಿನ ಆಚೆ.

ಮೊದಲ ಮಳೆಗಾಲದಲ್ಲಿ ಎಲ್ಲರಂತೆ 230 ವೋಲ್ಟನ್ನೇ ನೇರವಾಗಿ ಕಳಿಸಿದೆವು. 10 ಚದರದ ಅಲ್ಯೂಮಿನಿಯಂ ತಂತಿಗೆ ಕಿಲೋಮೀಟರಿಗೆ ಮೂರು ಓಮ್‌ಗಿಂತ ತುಸು ಹೆಚ್ಚು ರೋಧ ಇರುತ್ತದೆ. ಹೋಗಿ ಬರುವ ದಾರಿ 1800 ಮೀಟರ್, ಅಂದರೆ ಒಟ್ಟು ಐದೂವರೆ ಓಮ್. ಮೂರು ಕಿಲೋವ್ಯಾಟಿಗೆ 13 ಆಂಪಿಯರ್ ಹರಿದರೆ 70 ವೋಲ್ಟ್ ದಾರಿಯಲ್ಲೇ ಇಳಿಯುತ್ತದೆ. ಮನೆಯಲ್ಲಿ 160ರ ಆಸುಪಾಸು. ಗ್ರೈಂಡರ್ ಗುಂಯ್‌ಗುಟ್ಟುತ್ತಾ ನಿಲ್ಲುತ್ತಿತ್ತು, ಫ್ರಿಜ್ಜು ಹೊರಡುತ್ತಲೇ ಇರಲಿಲ್ಲ. ಮೂರರಲ್ಲಿ ಒಂದು ಪಾಲು ವಿದ್ಯುತ್ತು ಗುಡ್ಡದ ಮಣ್ಣನ್ನು ಬೆಚ್ಚಗೆ ಮಾಡುತ್ತಿತ್ತು.

ಇದಕ್ಕೆ ಸಿಕ್ಕ ಸಲಹೆಗಳಲ್ಲಿ ಒಂದು, ಆಲ್ಟರ್ನೇಟರಿನ ವೋಲ್ಟೇಜು ಹಿಡಿದಿಡುವ ಎವಿಆರ್ ತಿರುಗಿಸಿ ಹಳ್ಳದಲ್ಲೇ 290 ವೋಲ್ಟ್ ಮಾಡಿ ಎಂಬುದು. ಪಕ್ಕದ ಊರಿನಲ್ಲಿ ಒಬ್ಬರು ಹಾಗೆ ಮಾಡಿದ್ದರು. ಲೋಡು ಇರುವವರೆಗೆ ಎಲ್ಲ ಸರಿಯಾಗಿರುತ್ತದೆ. ರಾತ್ರಿ ಎಲ್ಲರೂ ಮಲಗಿ ಲೋಡು ಇಳಿದೊಡನೆ ಆ 290 ಹಾಗೆಯೇ ಮನೆಗೆ ಬರುತ್ತದೆ. ಅವರ ಟಿವಿ, ಬಲ್ಬುಗಳು, ಮೊಬೈಲ್ ಚಾರ್ಜರು ಎಲ್ಲವೂ ಹೋದವು. ಇನ್ನೊಂದು ಸಲಹೆ ದಪ್ಪ ಕೇಬಲ್. ನಷ್ಟವನ್ನು ನನಗೆ ಬೇಕಾದ ಮಟ್ಟಕ್ಕೆ ಇಳಿಸಲು 70 ಚದರದ ಕೇಬಲ್ಲೇ ಬೇಕಾಗುತ್ತಿತ್ತು. ವಿಚಾರಿಸಿದಾಗ ಕೇಬಲ್ಲಿಗೇ ಮೂರೂವರೆ ಲಕ್ಷ ಎಂದರು. ಅಡಿಕೆಗೆ ಕೊಳೆರೋಗ ಬಂದ ವರ್ಷ ಅದು. ಆ ಮಾತು ಅಲ್ಲಿಗೇ ಬಿಟ್ಟೆ.

ನನಗೆ ಧೈರ್ಯ ಕೊಟ್ಟದ್ದು ಶಿವನಸಮುದ್ರ. 1902ರಲ್ಲಿ ಅಲ್ಲಿಂದ ಕೋಲಾರದ ಚಿನ್ನದ ಗಣಿಗೆ ಸುಮಾರು 147 ಕಿಲೋಮೀಟರ್ ದೂರ ಕರೆಂಟು ಒಯ್ದರು. ಹತ್ತಾರು ಸಾವಿರ ವೋಲ್ಟಿಗೆ ಏರಿಸಿ ಒಯ್ದದ್ದರಿಂದಲೇ ಅದು ಸಾಧ್ಯವಾಯಿತು. ವೋಲ್ಟು ಏರಿಸಿದಷ್ಟೂ ಅದೇ ಕಿಲೋವ್ಯಾಟಿಗೆ ಆಂಪಿಯರು ಇಳಿಯುತ್ತದೆ. ತಂತಿಯಲ್ಲಿ ತಿಂದುಹಾಕುವುದು ಆಂಪಿಯರು. ಆಂಪಿಯರು ಅರ್ಧವಾದರೆ ನಷ್ಟ ಕಾಲು ಭಾಗಕ್ಕೆ ಇಳಿಯುತ್ತದೆ. ನೂರಿಪ್ಪತ್ತು ವರ್ಷದ ಹಿಂದೆ ಮೈಸೂರು ಸಂಸ್ಥಾನದಲ್ಲಿ ಆದ ಕೆಲಸ ಇಂದು ನಮ್ಮ ಗುಡ್ಡದಲ್ಲಿ ಏಕೆ ಆಗಬಾರದು ಎಂಬ ಹಟ ನನ್ನದು.

ಎಷ್ಟು ವೋಲ್ಟಿಗೆ ಏರಿಸಬೇಕು ಎಂಬುದನ್ನು ಕೇಬಲ್ಲೇ ಹೇಳಿತು. ನಾವು ಕೊಳ್ಳುವ ಸಾಮಾನ್ಯ ಆರ್ಮರ್ಡ್ (ಲೋಹದ ಕವಚದ) ಕೇಬಲ್ 1100 ವೋಲ್ಟ್ ದರ್ಜೆಯದು. 230 ಹರಿಸುವಾಗ ಅದರ ಇನ್ಸುಲೇಶನ್ನಿನ ಶಕ್ತಿಯಲ್ಲಿ ಹೆಚ್ಚಿನ ಪಾಲು ಬರಿದೇ ಹೋಗುತ್ತದೆ. ಇತ್ತ 1956ರ ಹಳೆಯ ವಿದ್ಯುತ್ ನಿಯಮಗಳಲ್ಲಿ 650 ವೋಲ್ಟ್ ದಾಟಿದರೆ ಹೈ ವೋಲ್ಟೇಜ್. ಆ ಗಡಿಯನ್ನು ದಾಟದೆ 600 ಎಂದು ನಿಗದಿ ಮಾಡಿಕೊಂಡೆ. ಅದೇ ಕೇಬಲ್, ಅದೇ ಮೂರು ಕಿಲೋವ್ಯಾಟ್, ಈಗ ಹರಿಯುವುದು ಐದು ಆಂಪಿಯರ್. ಇಳಿತ 27 ವೋಲ್ಟ್, ನಷ್ಟ 140 ವ್ಯಾಟಿನಷ್ಟು. ಮೊದಲು 900 ವ್ಯಾಟಿನ ಮೇಲೆ ಹೋಗುತ್ತಿತ್ತು.

ನೇರ 600ಕ್ಕೆ ಬರುವ ಮೊದಲು ಒಂದು ಅಡ್ಡದಾರಿ ನೋಡಿದ್ದೆ. 415 ವೋಲ್ಟಿನ ಐದು ಎಚ್‌ಪಿ ಪಂಪ್ ಮೋಟಾರನ್ನೇ ಕೆಪಾಸಿಟರ್ ಕಟ್ಟಿ ಜನರೇಟರ್ ಮಾಡುವುದು. ಒಂದು ಟ್ರಾನ್ಸ್‌ಫಾರ್ಮರಿನ ಖರ್ಚು ಉಳಿಯುತ್ತದೆ, ಬ್ರಷ್ ಇಲ್ಲ, ಎವಿಆರ್ ಇಲ್ಲ, ಮೋಟಾರು ಎಲ್ಲ ಕಡೆ ಸಿಗುತ್ತದೆ. ದೀಪಗಳಿಗೆ ಚೆನ್ನಾಗಿಯೇ ನಡೆಯಿತು. ಅಡಿಕೆ ಸುಲಿಯುವ ಯಂತ್ರ ಹಾಕಿದೊಡನೆ ಮಾತ್ರ ವೋಲ್ಟೇಜು ಪೂರ್ತಿ ಕುಸಿದು ಮೋಟಾರಿನ ಕಾಂತತ್ವವೇ ಹೊರಟುಹೋಗುತ್ತಿತ್ತು. ಮತ್ತೆ ಹಳ್ಳಕ್ಕೆ ಇಳಿದು 12 ವೋಲ್ಟ್ ಬ್ಯಾಟರಿಯನ್ನು ಕ್ಷಣಕಾಲ ಮುಟ್ಟಿಸಿ ಎಬ್ಬಿಸಬೇಕು. ಬರೀ ದೀಪ, ಟಿವಿ ಸಾಕೆನ್ನುವವರಿಗೆ ಈ ದಾರಿ ಅಗ್ಗ. ಮೋಟಾರು ಓಡಿಸುವವರಿಗೆ ಬೇಡ.

ಒಂದೇ ದಿಕ್ಕಿಗೆ ಹರಿಯುವ ಡಿಸಿ ಕರೆಂಟನ್ನೂ ಒಂದು ಬೇಸಿಗೆಯಲ್ಲಿ ಪರೀಕ್ಷಿಸಿದೆ. ಒಡಿಶಾದ ತಾಲ್ಚೇರಿನಿಂದ ಕೋಲಾರಕ್ಕೆ ಸುಮಾರು 1370 ಕಿಲೋಮೀಟರ್ ದೂರ ಪ್ಲಸ್ ಮೈನಸ್ 500 ಕಿಲೋವೋಲ್ಟಿನಲ್ಲಿ ಡಿಸಿ ಬರುತ್ತದೆ ಎಂದು ತಿಳಿದಾಗಿನಿಂದ ಅದರ ಕುತೂಹಲ ಇತ್ತು. ಎಸಿಯನ್ನು ಡಿಸಿ ಮಾಡುವ ರೆಕ್ಟಿಫೈಯರ್ ಕಟ್ಟಿ 300 ವೋಲ್ಟಿನಷ್ಟು ಡಿಸಿ ಕಳಿಸಿದರೆ ಎಲ್‌ಇಡಿ ಬಲ್ಬು, ಚಾರ್ಜರುಗಳಲ್ಲಿ ಹೆಚ್ಚಿನವು ತಕರಾರಿಲ್ಲದೆ ಉರಿದವು. ಸ್ವಿಚ್ ಆರಿಸುವಾಗಲೇ ಕಷ್ಟ. ಎಸಿ ಸೆಕೆಂಡಿಗೆ ನೂರು ಸಲ ಸೊನ್ನೆಗೆ ಬರುವುದರಿಂದ ಕಿಡಿ ತಾನಾಗಿ ಆರುತ್ತದೆ. ಡಿಸಿಯಲ್ಲಿ ಅದು ಉರಿಯುತ್ತಲೇ ಇರುತ್ತದೆ. ಗೋಡೆಯ ಸ್ವಿಚ್ಚು ಒಳಗೇ ಕರಗಿತು. ಅಲ್ಲಿಗೆ ಆ ಪ್ರಯೋಗ ನಿಲ್ಲಿಸಿದೆ.

ಟ್ರಾನ್ಸ್‌ಫಾರ್ಮರಿನ ವಿಷಯಕ್ಕೆ ಬರುತ್ತೇನೆ. ಹಳ್ಳದ ತುದಿಯಲ್ಲಿ 230ರಿಂದ 600ಕ್ಕೆ ಏರಿಸಲು ಒಂದು, ಮನೆಯ ತುದಿಯಲ್ಲಿ ಇಳಿಸಲು ಒಂದು. ಎರಡೂ ಐದು ಕೆವಿಎ (ಸುಮಾರು ಐದು ಕಿಲೋವ್ಯಾಟ್ ಹೊರುವಂಥವು), ಗಾಳಿಯಲ್ಲೇ ತಣಿಯುವಂಥವು. ಮೊದಲ ಜೋಡಿಯನ್ನು ಸುತ್ತಿಕೊಟ್ಟವರು ಸ್ಟೆಬಿಲೈಸರ್ ಲೆಕ್ಕದಲ್ಲಿ ಸುತ್ತಿದ್ದರು. ಅದು ಭೋರ್ಗರೆಯುತ್ತಿತ್ತು, ಮುಟ್ಟಲಾಗದಷ್ಟು ಕಾಯುತ್ತಿತ್ತು. ನಮ್ಮ ಹಳ್ಳದ ಕರೆಂಟಿನ ಫ್ರೀಕ್ವೆನ್ಸಿ, ಅಂದರೆ ಎಸಿ ಸೆಕೆಂಡಿಗೆ ಎಷ್ಟು ಆವರ್ತ ತಿರುಗುತ್ತದೆ ಎಂಬ ಲೆಕ್ಕ, ಮೋಟಾರು ಹೊರಡುವಾಗ 50ರಿಂದ 46, 47 ಹರ್ಟ್ಸ್‌ಗೆ ಇಳಿಯುತ್ತದೆ. ಫ್ರೀಕ್ವೆನ್ಸಿ ಇಳಿದು ವೋಲ್ಟೇಜು ಅಷ್ಟೇ ಇದ್ದರೆ ಒಳಗಿನ ಕಬ್ಬಿಣದ ಕೋರಿಗೆ ಕಾಂತತ್ವ ಹೆಚ್ಚಾಗಿ ಅದು ಇನ್ನು ಹಿಡಿಯಲಾರದ ಸಂತೃಪ್ತ ಸ್ಥಿತಿಗೆ ಹೋಗುತ್ತದೆ. ಶಿವಮೊಗ್ಗದ ಒಂದು ವೈಂಡಿಂಗ್ ಅಂಗಡಿಯಲ್ಲಿ ಕುಳಿತು ಎರಡನೆಯ ಜೋಡಿಗೆ ಹೆಚ್ಚುವರಿ ಸುತ್ತು ಹಾಕಿಸಿದೆ. ಎಷ್ಟು ಹೆಚ್ಚು ಎಂಬುದನ್ನು ಇಲ್ಲಿ ಬರೆಯುವುದಿಲ್ಲ. ಆ ಲೆಕ್ಕ ಹಿಡಿಯಲು ನನಗೆ ಒಂದು ಜೋಡಿಯ ದುಡ್ಡು ಹೋಗಿದೆ. ಈಗ ದಿನವಿಡೀ ನಡೆದರೂ ಕೈ ಇಟ್ಟು ನಿಲ್ಲಬಹುದು.

ಇನ್ನೊಂದು ಗುಟ್ಟನ್ನು ಮಾತ್ರ ಹೇಳಿಬಿಡುತ್ತೇನೆ. ಟರ್ಬೈನು ಪೂರ್ತಿ ವೇಗದಲ್ಲಿ ಓಡುವಾಗ ಟ್ರಾನ್ಸ್‌ಫಾರ್ಮರನ್ನು ಸ್ವಿಚ್ಚಿನಿಂದ ಸೇರಿಸಬೇಡಿ. ಆ ಕ್ಷಣದಲ್ಲಿ ಅದು ಎಳೆಯುವ ಕರೆಂಟಿಗೆ ಸಣ್ಣ ಆಲ್ಟರ್ನೇಟರು ಮುಗ್ಗರಿಸುತ್ತದೆ, ಫ್ಯೂಸು ಹಾರುತ್ತದೆ. ಎರಡು ಟ್ರಾನ್ಸ್‌ಫಾರ್ಮರುಗಳನ್ನೂ ಕೇಬಲ್ಲನ್ನೂ ಯಾವಾಗಲೂ ಸೇರಿಸಿಯೇ ಇಡಿ, ವಾಲ್ವ್ ನಿಧಾನವಾಗಿ ತೆರೆಯಿರಿ. ವೇಗ ಏರಿದಂತೆ ವೋಲ್ಟೇಜೂ ಏರುತ್ತದೆ, ಯಾವ ಆಘಾತವೂ ಇಲ್ಲ.

ಕೇಬಲ್ ಕೊಟ್ಟ ಕಾಟ ಬೇರೆ. ಮೊದಲು ಮರದಿಂದ ಮರಕ್ಕೆ ಎಳೆದಿದ್ದೆವು. ಮಂಗಗಳು ಜೋತಾಡಿದವು, ನಂತರ ಒಂದು ಮತ್ತಿಮರ ಬಿತ್ತು. ಆಮೇಲೆ ಅಗಳ ತೆಗೆಸಿ ಎರಡೂವರೆ ಮೂರು ಅಡಿ ಆಳಕ್ಕೆ ಹೂಳಿಸಿದೆ, ಕೆಳಗೂ ಮೇಲೂ ಮರಳು, ಮರಳಿನ ಮೇಲೆ ಇಟ್ಟಿಗೆ. ಕೂಲಿಗೇ ನಲವತ್ತು ಸಾವಿರ ಹಿಡಿಯಿತು. ಅರ್ಧದಾರಿಯಲ್ಲಿ ಜೋಡಣೆ ಒಂದಿತ್ತು. ಟೇಪು ಸುತ್ತಿ, ಮೇಣ ಹೊಯ್ದು ಹೂತರೂ ಪುಷ್ಯ ಮಳೆಗೆ ಅಲ್ಲಿ ನೀರು ಇಳಿಯಿತು. 230ರಲ್ಲಿ ಸುಮ್ಮನಿದ್ದ ಜೋಡಣೆ 600ರಲ್ಲಿ ಸುಟ್ಟಿತು. ಈಗ ಆ ಜೋಡಣೆ ನೆಲದಲ್ಲಿಲ್ಲ. ಎದೆಯೆತ್ತರದ ಕಲ್ಲುಕಂಬದ ಮೇಲೆ ಬೀಗ ಹಾಕಿದ ಪೆಟ್ಟಿಗೆಯಲ್ಲಿದೆ, ಕೇಬಲ್ ಕೆಳಗಿನಿಂದ ಒಳಗೆ ಹೋಗುತ್ತದೆ. ಕೇಬಲ್ಲಿನ ಆರ್ಮರಿಗೆ ಎರಡೂ ತುದಿಯಲ್ಲಿ ಅರ್ಥಿಂಗ್ ಇದೆ, ಎರಡೂ ಕಡೆ ಭಾರೀ ಕರೆಂಟನ್ನೂ ಸಿಡಿಯದೆ ಕಡಿಯುವ ಎಚ್‌ಆರ್‌ಸಿ ಫ್ಯೂಸು ಮತ್ತು ಸಿಡಿಲನ್ನು ನೆಲಕ್ಕಿಳಿಸುವ ಅರೆಸ್ಟರು. 600 ವೋಲ್ಟು ಕ್ಷಮಿಸುವುದಿಲ್ಲ. ಈ ಮೂರರಲ್ಲಿ ಒಂದನ್ನೂ ಉಳಿತಾಯದ ಹೆಸರಿನಲ್ಲಿ ಬಿಡಬೇಡಿ.

ಇನ್ನು ನನಗೆ ಎಲ್ಲಕ್ಕಿಂತ ಹೆಮ್ಮೆಯ ಭಾಗ. ನಮ್ಮಲ್ಲಿ ಲೋಡಿಗೆ ತಕ್ಕಂತೆ ನೀರನ್ನು ಹೆಚ್ಚು ಕಡಿಮೆ ಮಾಡುವ ಗವರ್ನರ್ ಇಲ್ಲ. ಉಳಿದ ಕರೆಂಟನ್ನು ಲೋಡ್ ಕಂಟ್ರೋಲರ್ ಹೀಟರಿಗೆ ಸುರಿಯುತ್ತದೆ. ಆ ಹೀಟರನ್ನು ಹಳ್ಳದಲ್ಲಿಟ್ಟರೆ ಬಿಸಿ ಹಳ್ಳದ ಪಾಲು. ಮನೆಯಲ್ಲಿಟ್ಟರೆ ಬಚ್ಚಲ ಹಂಡೆಯ ನೀರು ಕಾಯುತ್ತದೆ, ಸೌದೆ ಉಳಿಯುತ್ತದೆ. ಆದರೆ ಕೇಬಲ್ ತುಂಡಾದರೆ ಟರ್ಬೈನಿಗೆ ಹಿಡಿತವೇ ತಪ್ಪಿ ಅದು ದುಪ್ಪಟ್ಟಿನ ಹತ್ತಿರದ ವೇಗಕ್ಕೆ ಓಡುತ್ತದೆ. ಜೋಡಣೆ ಸುಟ್ಟ ದಿನ ಹಾಗೆಯೇ ಆಗಿ ಕಂಟ್ರೋಲರ್ ಹೋಯಿತು, ಹದಿನೈದು ಸಾವಿರದ ಮೇಲೆ ಖರ್ಚಾಯಿತು. ನಾನು ಎರಡು ಹೀಟರ್ ಇಟ್ಟೆ. ಮನೆಯದು 50 ಹರ್ಟ್ಸ್ ದಾಟಿದೊಡನೆ ಎಳೆಯಲು ಶುರು ಮಾಡುತ್ತದೆ. ಹಳ್ಳದ್ದು 52 ದಾಟಿದರೆ ಮಾತ್ರ. ಎರಡರ ನಡುವೆ ಸುದ್ದಿ ಒಯ್ಯುವ ಬೇರೆ ತಂತಿ ಇಲ್ಲ. ಫ್ರೀಕ್ವೆನ್ಸಿಯೇ ಸುದ್ದಿ: ಲೋಡು ಇಳಿದರೆ ಟರ್ಬೈನು ಜೋರಾಗಿ ಅದು ಏರುತ್ತದೆ. ಹಂಡೆ ಕಾದು ಥರ್ಮೋಸ್ಟಾಟ್ ಆರಿದರೂ, ಲೈನೇ ತುಂಡಾದರೂ ಹಳ್ಳದ ಹೀಟರು ತಾನಾಗಿ ಕೆಲಸಕ್ಕೆ ಇಳಿಯುತ್ತದೆ. ಇದನ್ನು ಯಾರೂ ನನಗೆ ಹೇಳಿಕೊಟ್ಟಿಲ್ಲ.

ದೇಶದ ಗ್ರಿಡ್, ಅಂದರೆ ವಿದ್ಯುತ್ ಕೇಂದ್ರಗಳನ್ನೆಲ್ಲ ಸೇರಿಸಿದ ಲೈನುಗಳ ಜಾಲ, ನಡೆಯುವುದೂ ಇದೇ ನಿಯಮದ ಮೇಲೆ. ಬೇಡಿಕೆ ಏರಿದರೆ ಎಲ್ಲ ಯಂತ್ರಗಳೂ ಒಟ್ಟಿಗೆ ಕೂದಲೆಳೆಯಷ್ಟು ನಿಧಾನವಾಗುತ್ತವೆ, ಆ ಇಳಿತವನ್ನು ನೋಡಿಯೇ ಗವರ್ನರುಗಳು ನೀರನ್ನೋ ಉಗಿಯನ್ನೋ ಹೆಚ್ಚಿಸುತ್ತವೆ. 2012ರ ಜುಲೈ 30 ಮತ್ತು 31ರಂದು ಉತ್ತರದ, ಎರಡನೆಯ ದಿನ ಪೂರ್ವ ಮತ್ತು ಈಶಾನ್ಯದ ರಾಜ್ಯಗಳೂ ಕತ್ತಲಾದಾಗ ನಮಗೆ ಏನೂ ಆಗಲಿಲ್ಲ, ಏಕೆಂದರೆ ಆಗ ದಕ್ಷಿಣದ ಗ್ರಿಡ್ ಉಳಿದದ್ದಕ್ಕೆ ಡಿಸಿ ಕೊಂಡಿಗಳಲ್ಲಿ ಮಾತ್ರ ಸೇರಿತ್ತು. 2013ರ ಡಿಸೆಂಬರ್ 31ರಂದು ರಾಯಚೂರು–ಸೋಲಾಪುರ 765 ಕಿಲೋವೋಲ್ಟ್ ಲೈನು ಚಾಲೂ ಆದ ಮೇಲೆ ಇಡೀ ದೇಶ ಒಂದೇ ಫ್ರೀಕ್ವೆನ್ಸಿಯಲ್ಲಿ ಓಡುತ್ತಿದೆ. ನನ್ನ ಬೋರ್ಡಿನಲ್ಲಿ ಎರಡು ಮೀಟರುಗಳಿವೆ, ಒಂದು ಗ್ರಿಡ್ಡಿನದು, ಒಂದು ಹಳ್ಳದ್ದು. ಗ್ರಿಡ್ಡಿನದು ಹೆಚ್ಚಿನ ಹೊತ್ತು 49.9 ಮತ್ತು 50.05ರ ನಡುವೆ ಇರುತ್ತದೆ. ನನ್ನದು ಮೋಟಾರು ಹೊರಡುವ ಹೊತ್ತನ್ನೂ ಮನೆಯ ಹೀಟರು ಆರಿರುವ ಹೊತ್ತನ್ನೂ ಬಿಟ್ಟರೆ ಅರ್ಧ ಹರ್ಟ್ಸ್ ಮೀರಿ ಅಲ್ಲಾಡುವುದಿಲ್ಲ. ಒಂದೇ ಒಂದು ಯಂತ್ರದ ವ್ಯವಸ್ಥೆಗೆ ಇದು ಸಣ್ಣ ಮಾತಲ್ಲ.

ಎರಡು ಕರೆಂಟೂ ಒಂದೇ ಬೋರ್ಡಿಗೆ ಬರುವಾಗ, ಒಂದು ಸಲಕ್ಕೆ ಒಂದನ್ನೇ ಸೇರಿಸುವ ಚೇಂಜ್‌ಓವರ್ ಸ್ವಿಚ್ ಇಲ್ಲದೆ ದಯವಿಟ್ಟು ಯಾರೂ ಕೈ ಹಾಕಬೇಡಿ. 11 ಕಿಲೋವೋಲ್ಟನ್ನು ಮನೆಗಳಿಗೆ ಇಳಿಸಿಕೊಡುವ ಊರಿನ ಟ್ರಾನ್ಸ್‌ಫಾರ್ಮರು (ಟಿಸಿ) ಹಿಂದುಮುಂದಾಗಿಯೂ ಕೆಲಸ ಮಾಡುತ್ತದೆ. ನಮ್ಮ 230 ಅದರೊಳಗೆ ಹಿಂದಿನಿಂದ ನುಗ್ಗಿದರೆ ಆ ಕಡೆ 11,000 ವೋಲ್ಟ್ ಹೊರಡುತ್ತದೆ. ಲೈನು ಸತ್ತಿದೆ ಎಂದು ನಂಬಿ ಮಳೆಯಲ್ಲಿ ಕಂಬ ಹತ್ತಿದ ಲೈನ್‌ಮನ್ನಿನ ಜೀವ ಹೋಗುತ್ತದೆ.

ಖರ್ಚು ನೆನಪಿದ್ದಷ್ಟು ಹೇಳುತ್ತೇನೆ. ಟರ್ಬೈನು, ಆಲ್ಟರ್ನೇಟರು ಸೇರಿ ಒಂದೂವರೆ ಲಕ್ಷದ ಮೇಲೆ. ಪೈಪು, ಕಟ್ಟ, ಜರಡಿ ಎಪ್ಪತ್ತು ಸಾವಿರ. ಕೇಬಲ್ಲಿಗೆ ಒಂದು ಲಕ್ಷ ಚಿಲ್ಲರೆ. ಟ್ರಾನ್ಸ್‌ಫಾರ್ಮರಿಗೆ, ಹಾಳಾದ ಜೋಡಿಯನ್ನೂ ಹಿಡಿದು, ಐವತ್ತು ಸಾವಿರ. ಅಗಳ, ಅರ್ಥಿಂಗ್, ಕಂಟ್ರೋಲರುಗಳ ಲೆಕ್ಕ ಸೇರಿಸಿದರೆ ನಾಲ್ಕೂವರೆ ಲಕ್ಷದ ಹತ್ತಿರ. ಹೊಸದಾಗಿ ಮಾಡುವವರಿಗೆ ಹಾಳಾದ ಜೋಡಿಯ, ಸುಟ್ಟ ಕಂಟ್ರೋಲರಿನ ಖರ್ಚು ಉಳಿಯುತ್ತದೆ. ಮಳೆಗಾಲದಲ್ಲಿ ಗ್ರಿಡ್ಡಿನ ಮುಖ ನೋಡುವುದಿಲ್ಲ. ದೀಪಾವಳಿ ಕಳೆದ ಮೇಲೆ ನೀರು ಇಳಿಯುತ್ತಾ ಬರುತ್ತದೆ, ಶಿವರಾತ್ರಿಯ ಹೊತ್ತಿಗೆ ಒಂದು ಕಿಲೋವ್ಯಾಟ್ ಸಿಕ್ಕರೆ ಹೆಚ್ಚು. ಆಗ ಟರ್ಬೈನು ನಿಲ್ಲಿಸಿ ಬೇರಿಂಗ್ ಬಿಚ್ಚುತ್ತೇವೆ.

ಭಾವನವರ ಹಳ್ಳಕ್ಕೆ 1400 ಮೀಟರ್ ದೂರವಿದೆ. ಅಲ್ಲಿ 16 ಚದರದ ಕೇಬಲ್, ಅದೇ 600 ವೋಲ್ಟ್, ಕಂಬದ ಪೆಟ್ಟಿಗೆ ಎರಡು ಎಂದು ಲೆಕ್ಕ ಹಾಕಿದ್ದೇನೆ. ಅಗಳದ ಕೆಲಸ ಅಡಿಕೆ ಕೊಯ್ಲು ಮುಗಿದ ಮೇಲೆ ಶುರುವಾಗುತ್ತದೆ.