ಇಟಲಿಯ ಲೋಕಲ್ ರೈಲು: ಟಿಕೆಟಿಗೆ ಮುದ್ರೆ ಬಿತ್ತಾ?

ಫ್ಲಾರೆನ್ಸ್‌ನಿಂದ ಪೀಸಾಕ್ಕೆ ಹೊರಟಿದ್ದ ರೈಲು ಎಂಪೊಲಿ ದಾಟಿತ್ತು. ಟಿಸಿ ಬಂದರು. ನನ್ನೆದುರು ಕೂತಿದ್ದ ಸಂಸಾರ ನಾಲ್ಕು ಟಿಕೆಟ್ ತೆಗೆದು ಧೈರ್ಯವಾಗಿ ಚಾಚಿತು. ಟಿಸಿ ಅವನ್ನು ತಿರುವಿ ನೋಡಿ, ಖಾಲಿ ಅಂಚಿನ ಮೇಲೆ ಬೆರಳಿಟ್ಟರು. ಮುದ್ರೆ ಇಲ್ಲ! ಕಾಸು ಕೊಟ್ಟು ಕೊಂಡ ಟಿಕೆಟ್ಟೇ, ಆದರೂ ದಂಡ ಬಿತ್ತು. ಅದೇ ಪ್ರವಾಸದಲ್ಲಿ ಇನ್ನೊಂದು ಕಡೆಯೂ ಇದೇ ಕಥೆ ನೋಡಿದೆ. ಅದಕ್ಕೇ ಈ ಬರಹ.

ಮೊದಲು ರೈಲು ಯಾವುದು ನೋಡಿ. ‘ರೆಜೊನಾಲೆ’ ಎಂದರೆ ಲೋಕಲ್. ‘ರೆಜೊನಾಲೆ ವೆಲೊಚೆ’ ಎಂದರೆ ಕಡಿಮೆ ಕಡೆ ನಿಲ್ಲುವ ಲೋಕಲ್. ಇವುಗಳ ದರ ದೂರದ ಲೆಕ್ಕ. ತಿಂಗಳ ಮೊದಲೇ ಕೊಂಡರೂ, ರೈಲು ಬರುವ ಐದು ನಿಮಿಷ ಮೊದಲು ಕೊಂಡರೂ ಅಷ್ಟೇ ಬೆಲೆ. ಸೀಟ್ ನಂಬರ್ ಇಲ್ಲ, ಖಾಲಿ ಇದ್ದಲ್ಲಿ ಕೂರುವುದು. ಹಾಗಾಗಿ ಮುಂಗಡ ಬುಕಿಂಗ್ ಎಂದು ಕಮಿಷನ್ ಕೀಳುವ ಮಧ್ಯವರ್ತಿ ಆ್ಯಪ್‌ಗಳ ಸಹವಾಸ ಬೇಡವೇ ಬೇಡ. ಎರಡು ಗಂಟೆಗಿಂತ ಜಾಸ್ತಿ ಪ್ರಯಾಣವಾದರೆ ನಾನು ಲೋಕಲ್ ಹತ್ತುವುದಿಲ್ಲ, ನೀವೂ ಹತ್ತಬೇಡಿ. ರೋಮ್‌ನಿಂದ ನೇಪಲ್ಸ್‌ಗೆ ‘ಫ್ರೆಚ್ಚಾರೊಸ್ಸಾ’ ಎಂಬ ಹೈಸ್ಪೀಡ್ ರೈಲು ಸುಮಾರು ಒಂದೂಕಾಲು ಗಂಟೆಯಲ್ಲಿ ಹೋಗುತ್ತದೆ. ಆದರೆ ಲೋಕಲ್ ಟಿಕೆಟ್ ಹಿಡಿದು ಅದನ್ನು ಹತ್ತುವಂತಿಲ್ಲ, ನೆನಪಿರಲಿ.

ಟಿಕೆಟ್ ಮೆಷಿನ್‌ನಲ್ಲಿ ಇಂಗ್ಲಿಷ್ ಇದೆ, ಕೊಳ್ಳುವುದು ಸುಲಭ. ಊರಿನ ಹೆಸರು ಮಾತ್ರ ಅವರ ಭಾಷೆಯಲ್ಲಿ ಗೊತ್ತಿರಲಿ: ಫ್ಲಾರೆನ್ಸ್ ಅಲ್ಲಿ ‘ಫಿರೆಂಜೆ’, ವೆನಿಸ್ ‘ವೆನೆತ್ಸಿಯಾ’. ವೆನಿಸ್‌ಗೆ ಹೋಗುವವರು ‘ಸಾಂತಾ ಲುಚಿಯಾ’ ಆರಿಸಿ. ‘ಮೆಸ್ತ್ರೆ’ ಒತ್ತಿದರೆ ನೀರಿನಾಚೆ, ದಡದಲ್ಲೇ ಇಳಿಯುತ್ತೀರಿ. ಮೆಷಿನ್ ಪಕ್ಕದಲ್ಲಿ ನಿಂತು ‘ಹೆಲ್ಪ್ ಮಾಡ್ತೀನಿ’ ಎಂದು ಬೆರಳು ಚಾಚುವವರಿಗೆ ನಗುತ್ತಲೇ ಬೇಡ ಎನ್ನಿ. ಪರ್ಸ್ ಮೇಲೆ ಕೈ ಇರಲಿ.

ಈಗ ಎಲ್ಲರೂ ಎಡವುವ ಜಾಗ. ಕಾಗದದ ಲೋಕಲ್ ಟಿಕೆಟ್ ಕೊಂಡ ಮಾತ್ರಕ್ಕೆ ನಡೆಯುವುದಿಲ್ಲ. ರೈಲು ಹತ್ತುವ ಮೊದಲು ಅದರ ಮೇಲೆ ದಿನ, ಹೊತ್ತು ಅಚ್ಚಾಗಬೇಕು. ಇದಕ್ಕೆ ಪ್ಲಾಟ್‌ಫಾರ್ಮ್ ಬಾಯಲ್ಲಿ, ಗೋಡೆಯಲ್ಲಿ, ಕಂಬದಲ್ಲಿ ಚಿಕ್ಕ ಡಬ್ಬಿಗಳಿರುತ್ತವೆ. ಕಸದ ಡಬ್ಬಿಯೋ ಏನೋ ಎಂದು ಜನ ದಾಟಿ ಹೋಗುತ್ತಾರೆ! ಟಿಕೆಟಿನ ತುದಿಯನ್ನು ಸೀಳಿನೊಳಗೆ ತೂರಿಸಿ, ಎಡಕ್ಕೆ ಒತ್ತಿ. ಕರ್ರ್ ಎಂದು ಸದ್ದಾಗುವ ತನಕ ಕೈ ಬಿಡಬೇಡಿ. ಹೊರಗೆ ತೆಗೆದು ಬೆಳಕಿಗೆ ಹಿಡಿದು ನೋಡಿ, ಅಕ್ಷರ ಕಾಣಿಸಬೇಕು. ಸದ್ದು ಬಂತು, ಶಾಯಿ ಬರಲಿಲ್ಲ ಎಂಬುದೂ ಉಂಟು. ಆಗ ಪಕ್ಕದ ಡಬ್ಬಿಗೆ ಹೋಗಿ. ನಾಲ್ಕು ಜನ ಇದ್ದರೆ ನಾಲ್ಕು ಟಿಕೆಟಿಗೂ ಮುದ್ರೆ ಬೇಕು. ಮುದ್ರೆ ಬಿದ್ದ ಮೇಲೆ ಸಾಮಾನ್ಯವಾಗಿ ನಾಲ್ಕು ಗಂಟೆ ನಡೆಯುತ್ತದೆ. ಅದಕ್ಕೇ ಬೆಳಗ್ಗೆ ಕೊಂಡ ಕೂಡಲೇ ಒತ್ತಿಬಿಡಬೇಡಿ, ರೈಲಿನ ಹೊತ್ತಿಗೆ ಒತ್ತಿ.

ಫೋನಿನಲ್ಲಿ ಕೊಂಡರೆ ಡಬ್ಬಿ ಬೇಡ. ಆದರೆ ಹತ್ತುವ ಮುಂಚೆ ಆ್ಯಪ್‌ನಲ್ಲಿ ‘ಚೆಕ್-ಇನ್’ ಒತ್ತಬೇಕು. ಇಮೇಲ್‌ನಲ್ಲಿ ಬಂದ ಟಿಕೆಟಾದರೆ ಅದರ ಲಿಂಕ್‌ನಿಂದ ಮಾಡಬಹುದು. ಇದನ್ನೂ ಮರೆಯುತ್ತಾರೆ, ದಂಡ ಇದಕ್ಕೂ ಇದೆ. ನನಗಂತೂ ಕಾಗದವೇ ಇಷ್ಟ. ಬ್ಯಾಟರಿ ಮುಗಿಯುವ ಚಿಂತೆ ಇಲ್ಲ, ನೆಟ್‌ವರ್ಕ್ ಗೋಳು ಇಲ್ಲ.

ರೈಲು ಎಲ್ಲಿಂದ ಹೊರಡುತ್ತದೆ ಎಂದು ‘ಪಾರ್ತೆಂಜೆ’ ಬೋರ್ಡ್ ನೋಡಿ. ‘ಬಿನಾರಿಯೊ’ ಎದುರಿನ ಅಂಕಿಯೇ ಪ್ಲಾಟ್‌ಫಾರ್ಮ್. ಗೋಡೆಗೆ ಅಂಟಿಸಿದ ಹಳದಿ ಪಟ್ಟಿ ಹೊರಡುವ ರೈಲುಗಳದ್ದು, ಬಿಳಿ ಪಟ್ಟಿ ಬರುವ ರೈಲುಗಳದ್ದು. ಪ್ಲಾಟ್‌ಫಾರ್ಮ್ ಕೊನೇ ಗಳಿಗೆಯಲ್ಲಿ ಬದಲಾಗುತ್ತದೆ, ಹತ್ತುವವರೆಗೂ ಬೋರ್ಡ್ ಮೇಲೆ ಕಣ್ಣಿಡಿ.

ಸಣ್ಣ ಸ್ಟೇಷನ್‌ನಲ್ಲಿ ಇರುವ ಒಂದೇ ಡಬ್ಬಿ ಕೆಟ್ಟಿದ್ದರೆ? ಟಿಕೆಟಿನ ಮೇಲೆ ಸ್ಟೇಷನ್ ಹೆಸರು, ದಿನಾಂಕ, ಸಮಯ ನೀವೇ ಬರೆಯಿರಿ. ಹತ್ತಿದ ಕೂಡಲೇ ನೀವಾಗಿಯೇ ಟಿಸಿಯನ್ನು ಹುಡುಕಿ ಹೋಗಿ ಹೇಳಿ. ಅವರು ನಿಮ್ಮ ಸೀಟಿಗೆ ಬರುವವರೆಗೆ ಕಾದು ಕೂತರೆ ಯಾರೂ ನಂಬುವುದಿಲ್ಲ.